ಮೊಮ್ಮಗಳ ಮೂರು ಬೆರಳು

ವಾಕ್ಕಿಗೆ ಅಧಿದೇವತೆಯಾದ ತಾಯಿಯನ್ನು ನೆನೆದು, ಆಸ್ಪತ್ರೆಯ ಪಡಸಾಲೆಯಲ್ಲಿ ಕಿವಿಗೆ ಬಿದ್ದಷ್ಟನ್ನು ಅರುಹುವೆ.

ಹರಾಜು ಕೂಗುವ ಕಸುಬಿನವನೊಬ್ಬನು ಕಳೆದ ವರ್ಷ ಮೆಟ್ಟಿಲಿಂದ ಜಾರಿ ದವಡೆಯ ಕೀಲು ಮುರಿದುಕೊಂಡಿದ್ದನು. ಆಗ ಕೂರಿಸಿದ ಲೋಹದ ಪ್ಲೇಟಿನ ಸ್ಕ್ರೂ ಸಡಿಲಗೊಂಡು ಈಗ ಕೀಲಿಗೆ ಉಜ್ಜುತ್ತಿತ್ತು. ಅದನ್ನು ತೆಗೆಸಲೆಂದು ಮತ್ತೊಮ್ಮೆ ಕೊಯ್ಯಿಸಿಕೊಳ್ಳಲು ಅವನಿಗೆ ಹೆದರಿಕೆ. ಪಕ್ಕದಲ್ಲಿ ಹೆಂಡತಿ.

"ಪ್ಲೇಟು ಇದ್ರೆ ಇರ್ಲಿ ಬಿಡೆ. ಬಾಯಿ ಪೂರ್ತಿ ತೆರೆಯುತ್ತೆ, ಮೂರು ಬೆರಳು ಹಿಡಿಸುತ್ತೆ ಅಂತ ಡಾಕ್ಟರಿಗೆ ಹೇಳಿದೀನಿ."

"ಯಾರ ಬೆರಳು?"

"ಬೆರಳು ಬೆರಳೇ."

"ಯಾರದು ರೀ?"

"ಮೊಮ್ಮಗಳದು."

"ನಾಲ್ಕು ವರ್ಷದ ಕೂಸಿನ ಬೆರಳಲ್ಲಿ ಅಳೆದು ಡಾಕ್ಟರಿಗೇ ಟೋಪಿ ಹಾಕಿದ್ರಾ? ನಿಮ್ಮ ಬೆರಳು ಇಡಿ, ನೋಡೋಣ."

ಒಂದೂವರೆ ಹಿಡಿಸಿತು.

"ಈ ಬಾಯಲ್ಲಿ ಹರಾಜು ಕೂಗಿದ್ರೆ ಸೊಳ್ಳೆನೂ ತಿರುಗಿ ನೋಡಲ್ಲ. ಇನ್ನೊಬ್ಬನ್ನ ಇಟ್ಕೋತಾರೆ."

"ವರ್ಷವೆಲ್ಲ ನನ್ನ ಬೈಗುಳ ಇಲ್ಲದೆ ಮನೆ ತಣ್ಣಗಿತ್ತಲ್ಲ, ನಿಂಗೆ ಸುಖ ಅನ್ನಿಸಲಿಲ್ವಾ?"

"ಮೊದಲನೇ ವಾರ ಅನ್ನಿಸ್ತು. ಆಮೇಲೆ ಜಗಳಕ್ಕೆ ಜನ ಇಲ್ಲದೆ ಗೋಡೆ ಜೊತೆ ಮಾತಾಡಿದೀನಿ."

ಬಾಗಿಲಲ್ಲಿ ನರ್ಸು ಕರೆದಳು. ಅವನು ಎದ್ದನು.

"ಒಂದೂವರೆ ಅಂತಲೇ ಹೇಳ್ತೀನಿ, ಪ್ಲೇಟು ತೆಗೆದುಹಾಕ್ಲಿ. ಎಚ್ಚರ ಆದ್ಮೇಲೆ ಮೊದಲು ನಿನ್ನನ್ನೇ ಬೈತೀನಿ."

"ಬೈರಿ, ಬಾಯ್ತುಂಬ ಬೈರಿ."

ಇಬ್ಬರೂ ಒಳಗೆ ಹೋದರು. ಇದನ್ನು ಕೇಳಿದ ಸಕಲರಿಗೂ, ಮನದಣಿಯೆ ಜಗಳವಾಡಲು ಮನೆಯಲ್ಲೊಂದು ಜೀವವನ್ನು ಭಗವಂತನು ಉಳಿಸಿರಲಿ.