ಗೋಡೆಗೆ ಸಿಮೆಂಟು ಮೆತ್ತಿದವರು

...ಅಲ್ಲಾ, ಇದನ್ನ ನನಗೆ ಮೊದಲು ಹೇಳಿದ್ದೇ ನಮ್ಮತ್ತೆ, ಹೆಸ್ಟರ್ ಕೆರಿಸನ್. ಮದುವೆಯಾಗಿ ಬಂದ ವಾರವೇ ಇದೇ ಕಣಜದೊಳಗೆ ನಿಲ್ಲಿಸಿ, "ಫಿಲಿಪಾ, ಇಟ್ಟಿಗೆಗಿಂತ ಗಾರೆ ಮೆತ್ತಗಿರಬೇಕು ಕಣೇ. ಗೋಡೆ ಉಸಿರಾಡೋದು ಸುಣ್ಣದಲ್ಲಿ" ಅಂದರು. ಗೋಡೆಗೆ ಹೇಳಿದರೋ, ಸೊಸೆಗೋ! ಯಾಕೆ ನಗ್ತೀರಿ, ಗೂಚ್ ಅವರೇ? ಹಳೇ ಕಟ್ಟಡ ಕಾಯೋ ಅಧಿಕಾರಿಗಳು ನಗಬಹುದಾ?

ಆ ಲಾರ್ವುಡ್‌ಗೆ ಇಷ್ಟೂ ಗೊತ್ತಿಲ್ಲ ನೋಡಿ. ಇಪ್ಪತ್ತು ವರ್ಷದಿಂದ ಬಾಡಿಗೆಗಿದ್ದಾನೆ. ಅವನ ಹುಲ್ಲು, ಅವನ ಕುರಿ, ನಮ್ಮ ಕಣಜ. ಸಂದಿಗೆಲ್ಲ ಸಿಮೆಂಟು ಮೆತ್ತಿದ್ದಾನೆ! ಸಿಮೆಂಟು ಕಲ್ಲಿನ ಹಾಗಿದೆ, ಇನ್ನೂರೈವತ್ತು ವರ್ಷದ ಇಟ್ಟಿಗೆ ಬಿಸ್ಕತ್ತಿನ ಹಾಗೆ ಉದುರ್ತಿದೆ. "ಕೆಡಿಸಿದವನು ಲಾರ್ವುಡ್" ಅಂತ ನಿಮ್ಮ ವರದೀಲಿ ಒಂದೇ ಸಾಲು ಬರೀರಿ... ಸೆಪ್ಟೆಂಬರ್ ಕೊನೆಗೆ ಮೈಕಲ್ಮಸ್ ಹಬ್ಬ, ಬಾಡಿಗೆ ಲೆಕ್ಕ ಮುಗಿಯೋ ದಿನ; ಅಷ್ಟರೊಳಗೆ ಕುರಿ ಸಮೇತ ಹೊರಗೆ!

ಆಮೇಲಾ? ಆಮೇಲೇನು... ಪಕ್ಕದೂರಲ್ಲಿ ಇಂಥದ್ದೇ ಕಣಜದಲ್ಲಿ ಗೂಬೆ ಬಂದುಹೋಗೋ ಕಿಂಡಿಗೆ ಗಾಜು ಹಾಕಿಸಿ ಮದುವೆ ಛತ್ರ ಮಾಡಿದ್ದಾರಲ್ಲ, ಥೂ! ನಾನು ಹಾಗೆ ಮಾಡಲ್ಲಪ್ಪ. ಮಾಡಿದರೂ ಗೂಬೆಗೆ ಮೊದಲ ಆಹ್ವಾನ.

ಇಲ್ಲಿ ಬನ್ನಿ, ಈ ಕಡೆ. ಎದುರುಬದುರು ಬಾಗಿಲು ನೋಡಿ, ನಡುವೆ ಒಕ್ಕುವ ಕಣ. ಗಾಳಿ ಈ ಬಾಗಿಲಲ್ಲಿ ಬಂದು ಹೊಟ್ಟನ್ನ ಆ ಬಾಗಿಲಲ್ಲಿ ಒಯ್ಯುತ್ತಿತ್ತಂತೆ. ಮೇಲೆ ವಜ್ರದಾಕಾರದ ಕಿಂಡಿಗಳು... ಆ ಮೂಲೆ ಬಿಡಿ, ಅಲ್ಲಿ ಬರೀ ಐವಿ ಬಳ್ಳಿ.

ನಮ್ಮೂರ ಚಾಳಿ ಗೊತ್ತಲ್ಲ? ಕಣಜಕ್ಕೆ ಒಂದು ಹಿಡಿ ಗಾರೆ ಮೆತ್ತಿದವನೂ ಹಸಿ ಇರುವಾಗಲೇ ಹೆಸರು, ಇಸವಿ ಗೀರಬೇಕು. ಅಲ್ನೋಡಿ, 1768, ಬಾಗಿಲ ಮೇಲೆ. ಲಾರ್ವುಡ್ ಮಾತ್ರ ಎಲ್ಲೂ ಗೀರಿಲ್ಲ. ಕಳ್ಳ ಸಹಿ ಹಾಕ್ತಾನಾ!

ಯಾಕೆ ಬಗ್ಗಿದಿರಿ? ಚಹಾ ಆರ್ತಿದೆ, ಗೂಚ್ ಅವರೇ... ಬಳ್ಳಿ ಸರಿಸಬೇಡಿ, ತುರಿಕೆ ಬರುತ್ತೆ...

ಅಯ್ಯೋ, ಸರಿಸೇಬಿಟ್ಟಿರಾ!

...ಹೂಂ. ಪಿ.ಕೆ., 2009. ಫಿಲಿಪಾ ಕೆರಿಸನ್, ನಾನೇ. ಓದಕ್ಕೆ ಬರುತ್ತಲ್ಲ ನಿಮಗೆ. ಅತ್ತೆ ಆಸ್ಪತ್ರೆಯಲ್ಲಿದ್ದರು. ಮನೆಗೆ ಬರೋಷ್ಟರಲ್ಲಿ ಗೋಡೆ ಸರಿಯಾಗಿರಲಿ ಅಂತ... ಸುಣ್ಣ ಕಲಸಿ ವಾರಗಟ್ಟಲೆ ಕಾಯೋ ತಾಳ್ಮೆ ಯಾರಿಗಿತ್ತು? ಸಿಮೆಂಟು ಒಂದೇ ದಿನದ ಕೆಲಸ. ಹೆಮ್ಮೆಯಿಂದ ಹೆಸರೂ ಗೀರಿದೆ. ಅವರು ಬರಲೇ ಇಲ್ಲ.

ಹಾಗೆ ನೋಡಬೇಡಿ. ಬರ್ಕೊಳ್ಳಿ, ಬರ್ಕೊಳ್ಳಿ. ಹೋಗ್ತಾ ದಾರೀಲೇ ಲಾರ್ವುಡ್ ಸಿಗ್ತಾನೆ, ಬೇಲಿ ಕಟ್ತಿದ್ದಾನೆ. ಅವನಿಗೆ ನೀವೇ ಹೇಳಿ, ಗೋಡೆ ಕೆಡಿಸಿದ್ದು ಯಾರು ಅಂತ. ಅತ್ತೆ ಮಾತನ್ನೂ ಸೇರಿಸಿ ಹೇಳಿ. ನನ್ನ ಬಾಯಲ್ಲಿ ಅದು ಬರಲ್ಲ.