ಕೋರೆಯಿಂದ ಮೇಲೆ ನೋಡಿದ ಗುರುವಪ್ಪಣ್ಣ

ರಾತ್ರಿ ಒಂಬತ್ತೂವರೆ ಆಗಿರಬೇಕು. ನನ್ನ ದೊಡ್ಡಮ್ಮನ ಮಗ ಜಿತೇಶ ಗೋಳಿಮರದ ಹತ್ತಿರ ಬಸ್ಸಿಳಿದು ನಡೆದುಕೊಂಡು ಬರ್ತಾ ಇದ್ದ. ಸಂಜೆಯಷ್ಟೇ ದುಬೈಯಿಂದ ಬಂದವ. ಕಂಕನಾಡಿಯ ಆಸ್ಪತ್ರೆಯಲ್ಲಿದ್ದ ಮಾವನನ್ನು ನೋಡಿ ಬರುವಾಗ ಹೊತ್ತಾಗಿತ್ತು. ನಮ್ಮದು ಕಾವೂರಿನಿಂದ ಆಚೆ, ವಿಮಾನ ಇಳಿಯುವ ಗುಡ್ಡೆಯ ಕೆಳಗೆ. ಗೋಳಿಮರದ ಬಲಕ್ಕೆ ಮುರಕಲ್ಲಿನ ಕೋರೆ. ಕಲ್ಲು ಕೊಯ್ದು ಕೊಯ್ದು ಒಂದು ಮನೆ ಮುಳುಗುವಷ್ಟು ಆಳ ಮಾಡಿ ಬಿಟ್ಟದ್ದು. ಬೇಲಿ ಸಹ ಇಲ್ಲ.

ಟಣ್... ಟಣ್... ಟಣ್...

ಕಲ್ಲಿಗೆ ಕಬ್ಬಿಣ ಬೀಳುವ ಸದ್ದು. ಅವನಿಗೆ ಹೆದರಿಕೆ ಆಗಲಿಲ್ಲ. ಯಾಕೆಂದರೆ ಅದೇ ಕೋರೆಯನ್ನು ಅವನು ಸಂಜೆ ವಿಮಾನದ ಕಿಟಕಿಯಿಂದ ನೋಡಿದ್ದ.

ಅವನಿಗೆ ಯಾವಾಗಲೂ ಕಿಟಕಿ ಸೀಟೇ ಆಗಬೇಕು. ಕಡಲ ಕರೆಯುದ್ದಕ್ಕೂ ನೊರೆಯ ಬಿಳಿ ಗೆರೆ, ಎರಡು ಹೊಳೆ ಒಟ್ಟಾಗಿ ಸಮುದ್ರ ಸೇರುವ ಅಳಿವೆ, ಬಂದರಿನಲ್ಲಿ ಒತ್ತೊತ್ತಾಗಿ ನಿಂತ ಬೋಟುಗಳು... ಇಷ್ಟು ಕಂಡರೇ ಅವನಿಗೆ ಊರು ಬಂದ ಹಾಗೆ. ಆ ದಿನ ಇಳಿಯುವ ಮೊದಲು ವಿಮಾನ ಒಂದು ಬದಿಗೆ ವಾಲಿತು. ಕೆಳಗೆ ಕೋರೆ. ಒಣಗಿದ ಕೆಂಪು ಗುಂಡಿ. ಅದರೊಳಗೆ ಕಲ್ಲು ಕೊಯ್ಯುವ ಮೆಷಿನ್. ಮೆಷಿನ್ನಿನ ಪಕ್ಕ, ತಲೆಗೆ ನೀಲಿ ಶಾಲು ಕಟ್ಟಿಕೊಂಡ ಗುರುವಪ್ಪಣ್ಣ. ಮುಖ ಮೇಲೆತ್ತಿ, ವಿಮಾನವನ್ನೇ ನೋಡಿ... ಬೊಬ್ಬೆ ಹಾಕ್ತಾ ಇದ್ದರು.

ಅಷ್ಟು ಎತ್ತರದಿಂದ ಮುಖ ಕಾಣ್ತದಾ ಅಂತ ಕೇಳಬೇಡಿ. ನಾನೂ ಕೇಳಿದ್ದೇನೆ. "ಕಂಡಿತು ಮಾರಾಯ," ಅಂದ. "ಹಲ್ಲು ಸಹ ಕಂಡಿತು. ಎಂಥ ಸಿಟ್ಟು ಆ ಮುಖದಲ್ಲಿ..."

ಈ ಗುರುವಪ್ಪಣ್ಣ ಆ ಕೋರೆಯಲ್ಲಿ ಮೆಷಿನ್ ಓಡಿಸ್ತಿದ್ದವರು. ಹತ್ತು ತಿಂಗಳ ಹಿಂದೆ, ಮಳೆ ಹಿಡಿದ ವಾರ, ಕಾಣೆಯಾದರು. "ಯಾವಳೋ ಒಬ್ಬಳ ಒಟ್ಟಿಗೆ ಕಾಸರಗೋಡಿನ ಕಡೆ ಓಡಿದ, ಬಸ್ಸು ಹತ್ತುವುದನ್ನು ನಾನೇ ಕಂಡೆ" ಅಂತ ಕೋರೆಯ ಧಣಿ ಮುಖೇಶ ಊರಿಡೀ ಹೇಳಿದ. ಊರು ನಂಬಿತು. ಅವರ ಹೆಂಡತಿ ಹೇಮಾಕ್ಷಕ್ಕ ಅಂಗಡಿಗೆ ಹೋದರೆ ಬೆನ್ನ ಹಿಂದೆ ನಗು. ನಾನೂ ನಕ್ಕಿದ್ದೇನೆ. ಈಗ ನೆನೆದರೆ ನನಗೆ ಮೊದಲು ಸಿಟ್ಟು ಬರುವುದು ನನ್ನ ಮೇಲೆಯೇ.

ಜಿತೇಶ ಎಣಿಸಿದ್ದು, ಅಣ್ಣ ವಾಪಸ್ ಬಂದಿದ್ದಾರೆ, ಕೋರೆ ಪುನಃ ಶುರುವಾಗಿದೆ ಅಂತ. ಮಾತಾಡಿಸಿ ಹೋಗುವ ಅಂತ ಮೊಬೈಲ್ ಟಾರ್ಚ್ ಹಾಕಿ ಅಂಚಿಗೆ ಹೋಗಿ ಬಗ್ಗಿದ.

ನೀರು.

ಗುಂಡಿ ಇಡೀ ಹಸಿರು ನೀರು. ಮೇಲೆ ಬಿದ್ದ ಒಂದು ಎಲೆ ಸಹ ಅಲ್ಲಾಡ್ತಾ ಇಲ್ಲ. ಸದ್ದು ಮಾತ್ರ... ಟಣ್... ಟಣ್... ನೀರಿನ ಅಡಿಯಿಂದ.

ಅಷ್ಟರಲ್ಲಿ ಹಿಂದೆ ಚಪ್ಪಲಿ ಸದ್ದು. ಕೆಲಸ ಮುಗಿಸಿ ಕೊನೆಯ ಬಸ್ಸಿಗೆ ಬಂದ ಹೇಮಾಕ್ಷಕ್ಕ. ಕೆಳಗಿನ ಸದ್ದು ನಿಂತಿತು.

"ಯಾರದು? ಜಿತೇಶನಾ?"

"ಅಕ್ಕಾ... ಗುರುವಪ್ಪಣ್ಣ ಮನೆಯಲ್ಲಿ ಇದ್ದಾರಾ?"

"ದುಬೈಯಲ್ಲಿ ಕೂತ ನಿನಗೂ ತಮಾಷೆ ಬೇಕಾಯ್ತಾ? ಚಪ್ಪಲಿ ತೆಗೀತೇನೆ ನೋಡು!"

"ದೇವರಾಣೆ ಅಕ್ಕಾ. ಸಂಜೆ ವಿಮಾನದಿಂದ ನೋಡಿದೆ. ಇಲ್ಲಿಯೇ, ಕೆಳಗೆ. ಆ ಬಡಗು ಮೂಲೆಯಲ್ಲಿ..."

ಅಕ್ಕನ ಸ್ವರ ತಗ್ಗಿತು. "ತಲೆಗೆ ಎಂತ ಕಟ್ಟಿದ್ರು?"

"ನೀಲಿ ಶಾಲು. ಶಾಲೆ ಮಕ್ಕಳದ್ದು."

ಅದು ಮಗಳು ಪ್ರಾಪ್ತಿಯ ಹಳೆ ಯೂನಿಫಾರ್ಮ್ ಶಾಲು. ಕೊನೆಯ ದಿನ ಬೆಳಿಗ್ಗೆ, ಧೂಳಿಗೆ ಕಟ್ಟಿಕೊಳ್ಳಿ ಅಂತ ಅಕ್ಕನೇ ಕೈಯಾರೆ ಕೊಟ್ಟದ್ದು. ಈ ಹತ್ತು ತಿಂಗಳಲ್ಲಿ ಅದನ್ನು ಅವರು ಯಾರಿಗೂ ಹೇಳಿರಲಿಲ್ಲ. ಯಾರು ಕೇಳಿದ್ರು?

ಅಕ್ಕ ಅಳಲಿಲ್ಲ. ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ನೀರಿಗೆ ಪಿಸುಗುಟ್ಟಿದರು. "ಇಷ್ಟು ದಿನ ನಿಮಗೇ ಬೈದೆನಲ್ಲ..."

ಟಣ್.

ಒಂದೇ ಸಲ. ಇಬ್ಬರಿಗೂ ಕೇಳಿತು.

ಮರುದಿನ ಬೆಳಕು ಹರಿಯುವಾಗಲೇ ಅಕ್ಕ ಹಾರೆ ಹಿಡಿದು ಮುಖೇಶನ ಅಂಗಳದಲ್ಲಿ. ನಾನು, ಜಿತೇಶ ಹಿಂದೆಯೇ ಓಡಿದೆವು.

"ಕೋರೆಯ ನೀರು ತೆಗೆಸು," ಅಂದರು.

"ಎಂತ ಅಕ್ಕ, ಬೆಳಿಗ್ಗೆ ಬೆಳಿಗ್ಗೆ? ವಿಮಾನದಲ್ಲಿ ಕೂತು ಕನಸು ಕಂಡವನ ಮಾತು ಕೇಳಿ..."

ನಾವು ಯಾರೂ ಅವನಿಗೆ ವಿಮಾನದ ಸುದ್ದಿ ಹೇಳಿರಲಿಲ್ಲ. ರಾತ್ರಿ ಜಿತೇಶ ನನಗೆ ರಸ್ತೆಯಲ್ಲಿ ನಿಂತು ಹೇಳಿದ್ದನ್ನು ಯಾರೋ ಕೇಳಿ ಮುಟ್ಟಿಸಿರಬೇಕು. ಅವನ ಮುಖ ಮಾತ್ರ ಸುಣ್ಣದ ಹಾಗಿತ್ತು. ಅಕ್ಕ ಹಾರೆ ಎತ್ತಿದರು. ಕಾರಿನ ಎದುರಿನ ಗಾಜು... ಝಲ್!

"ಇದು ಗಾಜು. ಇನ್ನೊಂದು ಸಲ 'ಓಡಿಹೋದ' ಅಂತ ಹೇಳು, ಮುಂದಿನದ್ದು ನಿನ್ನ ತಲೆ."

ಅವ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಉಳ್ಳಾಲದ ಅಯ್ಯೂಬನಿಗೆ ಫೋನ್ ಮಾಡಿದೆ. ಬಾವಿಯ ನೀರು ಖಾಲಿ ಮಾಡುವ ಡೀಸೆಲ್ ಪಂಪು ಅವನ ಹತ್ತಿರ ಉಂಟು. ವಿಷಯ ಕೇಳಿದವನೇ ಪಿಕಪ್‌ನಲ್ಲಿ ಹಾಕಿಕೊಂಡು ಬಂದ. ಏಳೂವರೆಗೆ ಪಂಪು ಶುರು. ಡುಗು ಡುಗು ಡುಗು... ಊರಿಗೆ ಊರೇ ಅಂಚಿನಲ್ಲಿ ನಿಂತಿತು. ಒಬ್ಬನೂ ನಗಲಿಲ್ಲ. ಅಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದರು. ನನ್ನದನ್ನೂ.

ಸಂಜೆ ನಾಲ್ಕಕ್ಕೆ ತಳ ಕಂಡಿತು. ಬಡಗು ಮೂಲೆಯಲ್ಲಿ ಗೋಡೆ ಜರಿದು ಬಿದ್ದಿತ್ತು. ಅದರ ಅಡಿಯಲ್ಲಿ ಮೆಷಿನ್. ಮೆಷಿನ್ನಿನ ಅಡಿಯಲ್ಲಿ ಗುರುವಪ್ಪಣ್ಣ... ಎಲುಬು ಮಾತ್ರ. ತಲೆಗೆ ಆ ಶಾಲು ಸುತ್ತಿಯೇ ಇತ್ತು. ಮಳೆಯಲ್ಲಿ ಗೋಡೆ ಬಿರುಕು ಬಿಟ್ಟದ್ದು ಗೊತ್ತಿದ್ದೂ ಮುಖೇಶ ಅವರನ್ನು ಇಳಿಸಿದ್ದ. ಜರಿದ ಮೇಲೆ ಯಾರನ್ನೂ ಕರೆಯಲಿಲ್ಲ. ನೀರು ತುಂಬಲಿಕ್ಕೆ ಬಿಟ್ಟ. ಪೊಲೀಸರ ಎದುರು ಅವನೇ ಒಪ್ಪಿಕೊಂಡದ್ದು. ಈಗ ಜಾಮೀನಿನಲ್ಲಿ ಹೊರಗೆ ಇದ್ದಾನೆ. ಇಸ್ತ್ರಿ ಮಾಡಿದ ಅಂಗಿ ಹಾಕಿ ತಿರುಗ್ತಾನೆ. ನೋಡಿದರೆ ಮೈಯೆಲ್ಲ ಉರೀತದೆ.

ಇನ್ನೊಂದು ವಿಷಯ ಉಂಟು. ನಂಬಿ, ಬಿಡಿ. ನಡೆದದ್ದು.

ಅಣ್ಣನನ್ನು ಮೇಲೆ ತಂದು ಮಲಗಿಸಿದ ಕೂಡಲೇ ಪಂಪು ತನ್ನಷ್ಟಕ್ಕೆ ನಿಂತಿತು. ಅಯ್ಯೂಬ ಟ್ಯಾಂಕಿನ ಮುಚ್ಚಳ ತೆಗೆದು ನನ್ನ ಮುಖ ನೋಡಿದ.

"ನೀವು ಡೀಸೆಲ್ ಹಾಕಿದ್ರಾ?"

"ಇಲ್ಲ. ನೀನಲ್ವಾ ಹಾಕುವುದು?"

ಫುಲ್ ಟ್ಯಾಂಕಿಗೆ ಅದು ಮೂರೂವರೆ ಗಂಟೆ ಓಡ್ತದೆ. ಬೆಳಿಗ್ಗೆ ಏಳೂವರೆಯಿಂದ ಅದು ಒಮ್ಮೆಯೂ ನಿಂತಿರಲಿಲ್ಲ. ಡೀಸೆಲ್ ಕ್ಯಾನು ಎರಡೂ ಪಿಕಪ್‌ನಲ್ಲಿ ಬಿರಡೆ ತೆಗೆಯದೆ ಹಾಗೆಯೇ ಇತ್ತು. ಟ್ಯಾಂಕಿಗೆ ನಾನೇ ಕೈ ಹಾಕಿ ನೋಡಿದ್ದೇನೆ. ಬೆರಳು ಒದ್ದೆಯಾಗಲಿಲ್ಲ.