ತವರಿನ ಖಣ, ಸಾಹುಕಾರ್ತಿಯ ಸೀರೆ

ಮುಂದಿನ ಸಾಲಿನ ತಾಯಂದಿರೇ, ಫೋಟೋ ತೆಗೆದುಕೊಳ್ಳುವುದು ಮುಗಿಯಿತೇ? ಮುಗಿಯಲಿ, ನಾನು ಕಾಯುತ್ತೇನೆ. ಹಿಂದೆ ಕೂತವರಂತೂ ನನ್ನ ಮುಖ ನೋಡುವುದನ್ನು ಬಿಟ್ಟು ಮುಂದೆ ಕೂತವರ ಕುಪ್ಪಸದ ಬೆನ್ನಿನ ಕಸೂತಿ ನೋಡುತ್ತಿದ್ದೀರಿ. ಸರಿ. ಇವತ್ತು ಬಟ್ಟೆಯ ಮಾತನ್ನೇ ಆಡೋಣ.

ನಮ್ಮಂಥದ್ದೇ ಒಂದು ಊರು. ಆ ಊರಿನಲ್ಲಿ ಒಬ್ಬ ಸಾಹುಕಾರ್ತಿ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಕಥೆಯನ್ನು ಇಲ್ಲೇ ಬಿಟ್ಟು ಹೆಸರನ್ನು ಮಾತ್ರ ಮನೆಗೆ ಒಯ್ಯುತ್ತೀರಿ. ಆಕೆಗೆ ಉಡುವುದರಲ್ಲಿ ಒಂದು ಕಲೆ ಇತ್ತು. ಬರೀ ದುಬಾರಿ ಉಡುವವರು ಬೇಕಾದಷ್ಟು ಜನ ಇದ್ದಾರಲ್ಲ, ಈಕೆ ಹಾಗಲ್ಲ. ಮುಂಬೈಯಿಂದ ಬಂದ ಡಿಸೈನರ್ ಸೀರೆಗೆ ಸಂತೆಯ ಕುಪ್ಪಸ. ಸಂತೆಯ ಹತ್ತಿ ಸೀರೆಗೆ ಡಿಸೈನರ್ ಕುಪ್ಪಸ. ಒಂದು ಕೈಗೆ ವಜ್ರದ ಬಳೆ, ಇನ್ನೊಂದು ಕೈಗೆ ಬಳೆಗಾರನ ಗಾಜಿನ ಬಳೆ. ಮಿಕ್ಸ್ ಅಂಡ್ ಮ್ಯಾಚ್ ಅನ್ನುತ್ತಾರಂತೆ ಅದಕ್ಕೆ. ಊರ ಹೆಂಗಸರು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ‘ಏನ್ ಸ್ಟೈಲ್ ರೀ ಅಕ್ಕಾರ! ಎಷ್ಟ್ ಸಿಂಪಲ್ ಅದೀರಿ!’ ಇದರಲ್ಲಿ ತಪ್ಪೇನು? ಏನೂ ತಪ್ಪಿಲ್ಲ. ಕಣ್ಣಿಗೆ ಚಂದ ಕಂಡದ್ದನ್ನು ಉಡಬೇಡಿ ಅನ್ನಲಿಕ್ಕೆ ನಾನು ಯಾರು?

ಆಕೆಯ ಮನೆಯಲ್ಲಿ ಒಬ್ಬಳು ಕೆಲಸದಾಕೆ ಇದ್ದಳು. ರೊಟ್ಟಿ ಬಡಿಯುತ್ತಿದ್ದಳು, ಆ ಸೀರೆಗಳಿಗೆಲ್ಲ ಇಸ್ತ್ರಿ ಹಾಕುತ್ತಿದ್ದಳು. ಗಂಡ ಹಾಸಿಗೆ ಹಿಡಿದವನು, ಒಬ್ಬಳೇ ಮಗಳು. ತವರು ನೇಕಾರರ ಮನೆ. ಅವಳ ಅವ್ವ ಕೊನೆಯದಾಗಿ ತನ್ನ ಮಗ್ಗದ ಮೇಲೆ ನೇಯ್ದದ್ದು ಒಂದು ಖಣ, ಕುಪ್ಪಸದ ಬಟ್ಟೆ. ಅದನ್ನು ಮಗಳ ಉಡಿಗೆ ಹಾಕಿ ಹೇಳಿದ್ದಳು: ‘ಇದನ್ನ ನೀ ಹೊಲಿಸ್ಕೋಬ್ಯಾಡ. ನಿನ್ನ ಮಗಳ ಮದವ್ಯಾಗ ಆಕಿ ಉಡಿ ತುಂಬು. ನಾನ ಬಂದಂಗ ಆಗತೈತಿ.’ ಉಡಿಯ ಖಣ ಅಂದರೆ ಏನು ಎಂದು ಈ ಸೀಮೆಯ ತಾಯಂದಿರಿಗೆ ನಾನು ಹೇಳಿಕೊಡಬೇಕೇ? ತವರಿನವರು ಯಾರೂ ಉಳಿಯದಿದ್ದರೂ ತವರಾಗಿ ಬರುವ ಬಟ್ಟೆ ಅದು.

ಮಗಳಿಗೆ ಗಂಡು ಗೊತ್ತಾಯಿತು. ನಿಶ್ಚಯಕ್ಕೆ ಒಂದು ವಾರ ಇತ್ತು. ಕೆಲಸದಾಕೆ ಖುಷಿ ತಡೆಯಲಾರದೆ ಆ ಖಣವನ್ನು ತಂದು ಸಾಹುಕಾರ್ತಿಗೆ ತೋರಿಸಿದಳು. ಅಲ್ಲೇ ತಪ್ಪಿತು ನೋಡಿ. ಕಡುಗೆಂಪು ಬಟ್ಟೆ, ಮೇಲೆ ಅಕ್ಕಿಕಾಳಿನಷ್ಟು ಸಣ್ಣ ಹೂವು. ಸಾಹುಕಾರ್ತಿಯ ಕಣ್ಣು ಅದರ ಮೇಲೆ ನಿಂತುಬಿಟ್ಟಿತು.

‘ಇದು ನನಗ ಬೇಕು. ಹೊಸಾ ಸೀರಿಗೆ ಇಂಥಾದ್ದನ್ನ ಹುಡುಕಾಕತ್ತಿದ್ದೆ.’

‘ಅಕ್ಕಾರ, ಅದು ನಮ್ಮವ್ವಂದ್ರಿ. ಮಗಳ ಉಡಿಗೆ ಅಂತ...’

‘ಉಡಿಗೆ ಅಂಗಡ್ಯಾಗ ಬೇಕಾದಷ್ಟು ಖಣ ಸಿಗ್ತಾವ. ನಿಶ್ಚಯದ ದಿನ ನೀ ಏನ್ ಉಟ್ಕೋತಿ, ಅದನ್ನ ಹೇಳು. ಈ ಸೀರಿ ಉಟ್ಕೊಂಡು ಬೀಗರ ಮುಂದ ನಿಲ್ತಿಯೇನು?’

ಕೆಲಸದಾಕೆ ತನ್ನ ಸೀರೆ ನೋಡಿಕೊಂಡಳು. ಸೆರಗಿಗೆ ಎರಡು ಕಡೆ ಹೊಲಿಗೆ. ಸಾಹುಕಾರ್ತಿ ಬೀರು ತೆಗೆದು, ಒಂದೇ ಸಲ ಉಟ್ಟ ನವಿಲುಬಣ್ಣದ ರೇಷ್ಮೆ ಸೀರೆಯನ್ನು ಅವಳ ಕೈಗಿಟ್ಟಳು. ಹೆತ್ತವಳು ಏನು ಮಾಡಿಯಾಳು? ತನ್ನಿಂದ ಮಗಳ ಮುಖ ಸಣ್ಣದಾಗಬಾರದು ಅಂದುಕೊಂಡಳು. ಅವ್ವನ ಖಣ ಕೊಟ್ಟುಬಿಟ್ಟಳು.

ನಿಶ್ಚಯ ಮಠದ ದಾಸೋಹದ ಮನೆಯಲ್ಲಿ. ಸಾಹುಕಾರ್ತಿಯೂ ಬಂದಳು, ಬರಬೇಕಲ್ಲ! ಹೊಸ ಡಿಸೈನರ್ ಸೀರೆ, ಅದಕ್ಕೆ ಆ ಖಣದ ಕುಪ್ಪಸ. ಹೆಂಗಸರು ಮುತ್ತಿಕೊಂಡರು. ‘ಖಣ ಎಲ್ಲಿಂದ ತರಿಸಿದ್ರಿ ಅಕ್ಕಾರ?’ ‘ನಾನ ಹೇಳಿ ನೇಯಿಸೀನಿ. ಡಿಸೈನೂ ನಂದ’ ಅಂದಳು. ಎಷ್ಟು ಸಲೀಸಾಗಿ ಅಂದಳು!

ಅಷ್ಟರಲ್ಲಿ ಕೆಲಸದಾಕೆ ಸಕ್ಕರೆ ತಟ್ಟೆ ಹಿಡಿದು ಬಂದಳು. ನವಿಲುಬಣ್ಣದ ರೇಷ್ಮೆ ಸೀರೆ, ಜೊತೆಗೆ ಅಂಗಡಿಯ ಅಗ್ಗದ ಕುಪ್ಪಸ. ಸ್ವಲ್ಪ ಯೋಚಿಸಿ. ಅದೇ ಜೋಡಣೆ ಅಲ್ಲವೇ? ಅಲ್ಲೂ ದುಬಾರಿ ಸೀರೆಗೆ ಬಡವರ ಕುಪ್ಪಸ, ಇಲ್ಲೂ ದುಬಾರಿ ಸೀರೆಗೆ ಬಡವರ ಕುಪ್ಪಸ. ಇವಳಿಗೆ ಯಾರಾದರೂ ಸ್ಟೈಲ್ ಅಂದರೇ? ಬೀಗರ ಕಡೆಯ ಒಂದು ಹುಡುಗಿ ಫೋನ್ ತೆಗೆದಳು. ‘ಯವ್ವಾ, ಈ ಸೀರಿ ಆ ಸಾವ್ಕಾರ್ತಿ ಅಕ್ಕಾರದು! ನೋಡಿಲ್ಲೆ, ಉಟ್ಕೊಂಡು ಫೋಟೋ ಹಾಕ್ಯಾರ.’

ಗಂಡಿನ ತಾಯಿ ಫೋಟೋ ನೋಡಿದಳು, ಸೀರೆ ನೋಡಿದಳು. ‘ಈಕಿ ಅವರ ಮನ್ಯಾಗ ಕೆಲಸಕ್ಕ ಅದಾಳಲ್ಲ? ಕೇಳಿ ತಂದಾಳೋ, ಕೇಳದ ತಂದಾಳೋ?’

ಎಲ್ಲರ ಕಣ್ಣು ಸಾಹುಕಾರ್ತಿಯ ಕಡೆ. ಒಂದು ಮಾತು ಸಾಕಿತ್ತು. ‘ನಾನೇ ಕೊಟ್ಟದ್ದು.’ ಇಷ್ಟೇ. ಆದರೆ ಯಾಕೆ ಕೊಟ್ಟಿರಿ ಎಂದು ಯಾರಾದರೂ ಕೇಳಿದರೆ? ಖಣದ ಸಂಗತಿ ಹೊರಗೆ ಬಂದರೆ? ಆಕೆ ಸೆರಗನ್ನು ಕುಪ್ಪಸ ಮುಚ್ಚುವಂತೆ ಎಳೆದುಕೊಂಡಳು. ‘ನನಗ ನೆನಪಿಲ್ಲ ನೋಡ್ರಿ. ಮನ್ಯಾಗ ಸೀರಿ ಭಾಳ ಅದಾವ’ ಅಂದಳು.

ನೆನಪಿಲ್ಲವಂತೆ! ಒಂದು ವಾರದ ಹಿಂದಿನದು ನೆನಪಿಲ್ಲವಂತೆ!

ಕೆಲಸದಾಕೆ ತಟ್ಟೆ ಕೆಳಗಿಟ್ಟಳು. ಒಳಗೆ ಹೋಗಿ, ಬೆಳಿಗ್ಗೆ ಅಡುಗೆ ಮಾಡುವಾಗ ಉಟ್ಟಿದ್ದ ಹೊಲಿಗೆಯ ಸೀರೆಯನ್ನೇ ಉಟ್ಟು ಬಂದಳು. ರೇಷ್ಮೆ ಸೀರೆಯನ್ನು ಮಡಿಸಿ ಸಾಹುಕಾರ್ತಿಯ ತೊಡೆಯ ಮೇಲಿಟ್ಟಳು. ‘ನಿಮ್ಮದು ನಿಮಗ ಮುಟ್ಟಿತ್ರಿ ಅಕ್ಕಾರ. ನಮ್ಮವ್ವನ ಖಣ ನಿಮ್ಮ ಮೈಮ್ಯಾಲೆ ಐತಿ. ಅದನ್ನ ನಾ ಹೆಂಗ ಕೇಳ್ಲಿ?’

ನಂಬಿದರೇ ಯಾರಾದರೂ? ಸಾಹುಕಾರ್ತಿ ಕೆಲಸದವಳ ಖಣ ಇಸಿದುಕೊಳ್ಳುವುದುಂಟೇ? ನಾಲ್ಕು ಜನ ನಕ್ಕರು. ಗಂಡಿನ ತಾಯಿ ‘ಹೇಳಿ ಕಳಸ್ತೀವ್ರಿ’ ಎಂದು ಎದ್ದಳು. ಹೇಳಿ ಕಳಿಸಲಿಲ್ಲ. ಆ ಹುಡುಗಿಗೆ ಉಡಿ ತುಂಬುವ ದಿನ ಇನ್ನೂ ಬಂದಿಲ್ಲ.

ಈಗ ಸಾಹುಕಾರ್ತಿಯನ್ನು ಮನಸ್ಸಿನಲ್ಲೇ ಬಯ್ಯುತ್ತಿದ್ದೀರಿ, ಅಲ್ಲವೇ? ತಡೆಯಿರಿ. ಆ ಸಭೆಯ ನಡುವಿನ ಕುರ್ಚಿಯಲ್ಲಿ ಒಬ್ಬ ಸ್ವಾಮಿ ಕೂತಿದ್ದ. ಮೈಮೇಲೆ ಒರಟು ಖಾದಿ, ಹೆಗಲ ಮೇಲೆ ಅದೇ ಸಾಹುಕಾರ್ತಿ ಹೊದಿಸಿದ ರೇಷ್ಮೆ ಶಾಲು. ಖಾದಿ ನೋಡಿ ಜನ ‘ಎಷ್ಟು ಸರಳ’ ಅನ್ನುತ್ತಿದ್ದರು, ಶಾಲು ನೋಡಿ ‘ಎಂಥ ಕಳೆ’ ಅನ್ನುತ್ತಿದ್ದರು. ಆ ಶಾಲು ಯಾರದು ಎಂದು ಅವನನ್ನು ಒಬ್ಬರೂ ಕೇಳಲಿಲ್ಲ. ಅವನಿಗೆ ನಿಜ ಗೊತ್ತಿತ್ತು. ‘ಸೀರಿ ಆಸೆಕ್ಕ ನಮ್ಮವ್ವನ ಖಣ ಕೊಟ್ಟಬಿಟ್ಟೆನ್ರಿ ಬುದ್ಧಿ, ಪಾಪ ಬರತೈತೇನ್ರಿ?’ ಎಂದು ಹಿಂದಿನ ದಿನವೇ ಆ ತಾಯಿ ಅವನ ಮುಂದೆ ಅತ್ತಿದ್ದಳು. ಆದರೂ ಅವನು ತುಟಿ ಬಿಚ್ಚಲಿಲ್ಲ. ಸಾಹುಕಾರ್ತಿ ದಾಸೋಹದ ಮನೆಗೆ ಕಲ್ಲು ಹಾಸಿಸಿಕೊಡುವವಳಿದ್ದಳು. ಹಾಸಿಸಿಕೊಟ್ಟಳು. ನೀವೀಗ ಕೂತಿರುವುದು ಆ ಕಲ್ಲಿನ ಮೇಲೆಯೇ.

ನಮ್ಮಂಥದ್ದೇ ಊರು ಅಂದೆನಲ್ಲ, ಅದು ಸುಳ್ಳು. ನಮ್ಮದೇ ಊರು. ಆ ಸ್ವಾಮಿ ನಾನೇ. ಶಾಲು ಹುಡುಕಬೇಡಿ, ಇವತ್ತು ಹೊದ್ದು ಬಂದಿಲ್ಲ.

ಇನ್ನು ಮಾಡಬೇಕಾದ್ದು ಕೇಳಿ. ಉಡಿ, ಯಾವುದಕ್ಕೆ ಯಾವುದನ್ನು ಬೇಕಾದರೂ ಜೋಡಿಸಿ ಉಡಿ. ಆದರೆ ‘ಎಲ್ಲಿಂದ ತಂದಿರಿ’ ಎಂದು ಕೇಳಿದವರಿಗೆ, ‘ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಅಕ್ಕ ಕೊಟ್ಟದ್ದು’ ಎಂದು ಹತ್ತು ಜನರ ಮುಂದೆ ಹೇಳಿ. ಒಬ್ಬರಿಗೆ ಸೀರೆ ಕೊಟ್ಟರೆ, ಕೊಟ್ಟೆ ಅನ್ನುವ ಧೈರ್ಯವನ್ನೂ ಇಟ್ಟುಕೊಳ್ಳಿ. ಮತ್ತೆ ನಾಳೆ ನಿಮ್ಮ ಮನೆಗೆ ಕಸ ಗುಡಿಸಲು ಬರುವವಳು ಒಳ್ಳೆಯ ಸೀರೆ ಉಟ್ಟು ಬಂದರೆ ‘ಯಾರು ಕೊಟ್ಟರು’ ಅನ್ನಬೇಡಿ. ನಾಲಿಗೆಯ ತುದಿಗೆ ಬರುತ್ತದೆ, ನನಗೆ ಗೊತ್ತು. ನುಂಗಿಕೊಳ್ಳಿ. ‘ಚಂದ ಕಾಣಸ್ತಿ’ ಅನ್ನಿ. ಅಷ್ಟೇ ಅನ್ನಿ.

ನಾಳೆ ಬೆಳಿಗ್ಗೆ ನಾನು ಆ ಬೀಗರ ಮನೆಗೆ ಹೋಗುತ್ತೇನೆ. ಆ ಹುಡುಗನಿಗೆ ಬೇರೆ ಕಡೆ ಮದುವೆಯಾಗಿದೆ, ಬಲ್ಲೆ. ಆದರೂ ಅವರ ಅಂಗಳದಲ್ಲಿ ನಿಂತು, ಆ ತಾಯಿ ಕದ್ದಿರಲಿಲ್ಲ ಎಂದು ಕೂಗಿ ಹೇಳುತ್ತೇನೆ. ಬರುವವರು ಮಠದ ಬಾಗಿಲಿಗೆ ಬನ್ನಿ. ಅವತ್ತು ನಕ್ಕವರು ಮೊದಲು ಬನ್ನಿ.